ಇಬ್ಬರೂ ಒಬ್ಬರೇನಾ?

ಮುಂದಿನ ವರ್ಷನ್ನಿನಲ್ಲಿ ಏನೇನು ಬೇಕು ಸಾರ್,
ಅಂತ ಕೇಳಿಕೊಂಡು ಬಂದಿದ್ದೀಯ
ಶ್ರೀರಾಂಪುರದ ಈ ಕಿಷ್ಕಿಂಧೆಗೆ, ಇಂಥ ಬಿಸಿಲಲ್ಲಿ,
ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡು.
ಕೂತ್ಕೋ ತಾಯಿ. ಆ ಸ್ಟೂಲ್ ಮೇಲಲ್ಲ,
ಅದು ಪಾಸ್‌ಪೋರ್ಟ್ ಸೈಜಿಂದು,
ಕೂತವರೆಲ್ಲ ನೆಟ್ಟಗಾಗಿಬಿಡ್ತಾರೆ.
ಲೇ ಮುನಿಕೃಷ್ಣಾ, ಬೈಟೂ ಟೀ ಹೇಳು.

ಬರಕೋ.
ಮೊದಲು ಆ ಬೆಳ್ಳಗೆ ಮಾಡೋ ಗುಂಡಿ.
ಅದು ಸ್ವಲ್ಪ ಬಿಗಿ ಇರಲಿ, ತುಕ್ಕು ಹಿಡಿದ ನಲ್ಲಿ ಹಾಗೆ.
ಹುಡುಗಿ ಕಡೆಯವರು ಬೆನ್ನ ಹಿಂದೆ ನಿಂತು
ಇನ್ನೊಂದು ಚೂರು, ಇನ್ನೊಂದೇ ಚೂರು ಅಂದಷ್ಟೂ
ಈಗ ತಿರುಗ್ತಾನೇ ಇರುತ್ತೆ.
ಕೊನೆಗೆ ಮದುವಣಗಿತ್ತಿ ಗೋಡೆಗೆ ಬಳಿದ ಸುಣ್ಣ.
ಮೂಗುತಿ ಮಾತ್ರ ಅವಳದ್ದು.

ಎರಡನೇದು, ಹುಡುಕೋದು.
ಕೆಂಪು ಸೀರೆ ಅಂದರೆ ನಾನೂರು ತೋರಿಸುತ್ತೆ, ಸರಿ.
ನನ್ನ ಗಿರಾಕಿಗಳು ಹಾಗೆ ಕೇಳಲ್ಲ.
'ನಮ್ಮ ದೊಡ್ಡಪ್ಪ ಊಟಕ್ಕೂ ಕೂರದೆ ಎದ್ದು ಹೋದರಲ್ಲ,
ಅದಕ್ಕೆ ಮುಂಚೆ ನಗ್ತಾ ಇದ್ದದ್ದು ಒಂದಿದೆಯಾ?' ಅಂತಾರೆ.
ಇದನ್ನು ಎಲ್ಲಿ ಟೈಪ್ ಮಾಡಲಿ?
ಕನ್ನಡದಲ್ಲೇ ಮಾಡಬಹುದಾ?
ನಗಬೇಡ. ನಿಜಕ್ಕೂ ಬೇಕು.

ಧೂಳು ಅಳಿಸೋದು ಚೆನ್ನಾಗಿದೆ, ಅದರ ತಂಟೆಗೆ ಹೋಗಬೇಡಿ.
ಮಚ್ಚೆಯನ್ನೂ ಧೂಳು ಅಂದುಕೊಳ್ಳುತ್ತೆ, ಅದೊಂದೇ.
ನನಗೆ ಕಲಿಸಿದ ಸವರಿಮುತ್ತು ಮೇಷ್ಟ್ರು
ನೆಗೆಟಿವ್ ಮೇಲೆ ಕೂದಲೆಳೆಯಷ್ಟು ಚೂಪಾದ ಪೆನ್ಸಿಲ್ ಆಡಿಸೋರು.
ಕೈ ಇಡೋ ಮುಂಚೆ ಕೇಳೋರು:
'ಅಮ್ಮಾ, ಇದು ನಿಮ್ಮದಾ, ನಮ್ಮದಾ?'
ಅಷ್ಟು ಕೇಳಲಿ ಸಾಕು, ನಿಮ್ಮ ಸಾಫ್ಟ್‌ವೇರು.

ಆಮೇಲೆ ಮ್ಯಾಪಿನಲ್ಲಿ ಚುಕ್ಕೆ ಇಡುತ್ತಲ್ಲ.
ಈ ಜೋಡಿ ನೋಡು, ನಿಂತಿರೋದು ಮರದ ಕೆಳಗೆ,
ಬೆಳಗ್ಗೆ ಆರೂಮುಕ್ಕಾಲು,
ಹುಡುಗನ ಬಿಳಿ ಷರ್ಟಿನ ತುಂಬ ಎಲೆಗಳ ನೆರಳು.
ಚುಕ್ಕೆ ಒತ್ತಿದರೆ: ಮೆಟ್ರೋ ಸ್ಟೇಷನ್, ಎರಡನೇ ದ್ವಾರ.
ಸುಳ್ಳೇನಲ್ಲ.
ಆದರೂ ಈ ಊರಿಗೆ ತಾರೀಖು ಹಾಕಿದ ಮ್ಯಾಪೇ ಬೇಕು,
ಹಾಲಿನ ಪ್ಯಾಕೆಟ್ಟಿನ ಮೇಲೆ ಹಾಕ್ತಾರಲ್ಲ, ಹಾಗೆ.

ಹೋದ ವರ್ಷ ಒಬ್ಬಳು ಬಂದಿದ್ದಳು, ಹೆಸರು ಬೇಡ.
ಆಲ್ಬಮ್ಮಿಂದ ಗಂಡನನ್ನು ತೆಗೀರಿ ಅಂದಳು, ಎಲ್ಲದರಿಂದ.
ನಿಮ್ಮದೇ ತೆಗೀತು. ಹನ್ನೊಂದು ನಿಮಿಷ.
ಅವನಿದ್ದ ಕಡೆ ಪರದೆ ಬಂತು, ಹೂವಿನ ಕಂಬ ಬಂತು,
ಒಂದರಲ್ಲಿ, ಎಲ್ಲಿಂದಲೋ, ಖಾಲಿ ಕುರ್ಚಿ ಬಂತು.
ಅವಳ ಭುಜದ ಮೇಲೆ ನಾಲ್ಕು ಬೆರಳು ಉಳಿದವು.
ನಾನು ಮೌಸ್ ಹಿಡಿದೆ.
ಇರಲಿ ಬಿಡಿ ಅಂದಳು.
ಇದನ್ನು ನಿನ್ನ ಫಾರಮ್ಮಿನ ಯಾವ ಕಾಲಮ್ಮಿಗೆ ಬರೀತೀಯ?

ಇನ್ನೊಂದಿದೆ. ಬರೀಬೇಡ, ಸುಮ್ಮನೆ ನೋಡು.
ಹಳೆಯ ಪ್ರಿಂಟುಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಳಗೆ ಹಾಕಿದ್ದೆ.
ಮುಖ ಮುಖ ಸೇರಿಸಿ ಗುಂಪು ಕಟ್ಟುತ್ತಲ್ಲ, ಕಟ್ಟಿತು.
ಎಡಗಡೆ, ಮಿಲ್ಲಿನ ಗೇಟು, ಕೈಯಲ್ಲಿ ಟಿಫನ್ ಕ್ಯಾರಿಯರ್, ನಮ್ಮಪ್ಪ.
ಡಬ್ಬ ಹಿಡಿದು ಜನರ ಮುಖ ಕಾಯೋದೂ ಒಂದು ಕೆಲಸವಾ
ಅಂದು ಏಳು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದವರು.
ಬಲಗಡೆ, ಹೋದ ತಿಂಗಳ ನಾನು.
ಮಧ್ಯೆ ಕೇಳುತ್ತೆ: ಇಬ್ಬರೂ ಒಬ್ಬರೇನಾ?
ಹೌದು. ಅಲ್ಲ. ಎರಡೇ ಗುಂಡಿ.

ಇವತ್ತಿಗೆ ಮೂರು ದಿನ, ಆ ಪ್ರಶ್ನೆ ಪರದೆ ಮೇಲೆ ಹಾಗೇ ಇದೆ.
ಮುನಿಕೃಷ್ಣ ಕೆಲಸ ನಿಂತಿದೆ ಅಂತ ಬೈಕೊಳ್ತಾನೆ.
ನಿಮ್ಮವರಿಗೆ ಹೇಳು, ಮೂರನೇ ಗುಂಡಿ ಒಂದು ಇಡಲಿ.
ಅದರ ಮೇಲೆ ಏನು ಬರೀಬೇಕು ಅಂತ
ನನ್ನ ಕೇಳಬೇಡ.

ಟೀ ಆರ್ತಾ ಇದೆ, ಕುಡಿ.
ಅಗೋ, ಯಾರೋ ಪಾಸ್‌ಪೋರ್ಟಿಗೆ ಬಂದರು.
ಹೋಗ್ತಾ ಆ ಬಿಳಿ ಪರದೆ ಒಂಚೂರು ಎಳೆದು ಹೋಗು.