ಗುರುವಾರದ ಕೋರ್ಟು

ಗುರುವಾರ ಹತ್ತೂವರೆಗೆ ಊಟದ ಹಾಲಿನಲ್ಲಿ
ನಮ್ಮ ಕೋರ್ಟು ಸೇರುತ್ತದೆ.
ಎರಡು ಮೇಜು ಜೋಡಿಸಿದರೆ ಪೀಠ,
ಸಾಸಿನ ಬಾಟಲಿ ಅತ್ತ ಸರಿಸಿದರೆ ಕಟಕಟೆ.
ಸುತ್ತಿಗೆ ಕೊಡುವಂತಿಲ್ಲ, ವಾರ್ಡಿನ ನಿಯಮ;
ಆರ್ವಿಲ್ ಹ್ಯಾಸ್ಕೆಟ್ ತನ್ನ ರಬ್ಬರು ಚಪ್ಪಲಿಯಿಂದಲೇ
ಮೇಜು ಕುಟ್ಟುತ್ತಾನೆ.

ಇಲ್ಲೊಂದು ಹಾಸಿಗೆ ಖಾಲಿಯಾಗಲೆಂದು
ಕೌಂಟಿ ಜೈಲಿನಲ್ಲಿ ಅವನು
ನೂರಾ ಹನ್ನೊಂದು ದಿನ ಕಾದ.
ಅದಕ್ಕೂ ಮುಂಚೆ ಡಾಕ್ಟರು ಬಂದು ಕೇಳಿದ್ದರಂತೆ:
ನಿಮ್ಮ ಮೇಲಿನ ಆರೋಪವೇನು? ವಕೀಲ ಎಂದರೆ ಯಾರು?
ಅವನು ಗೋಡೆಯೊಳಗೆ ಓಡುತ್ತಿದ್ದ ಗೂಡ್ಸ್ ರೈಲಿನ
ಡಬ್ಬಿ ಎಣಿಸುತ್ತಿದ್ದ. ಬಾಯಿಬಿಟ್ಟರೆ ಲೆಕ್ಕ ತಪ್ಪುತ್ತಿತ್ತು.
ವರದಿಯಲ್ಲಿ ಬರೆದರು: ಸಹಕರಿಸಲಿಲ್ಲ.

ಕದ್ದದ್ದು ಒಂದು ಕೋಟು.
ಪೆಂಡಲ್‌ಟನ್ನಿನ ಒಂದು ಲಾಂಡ್ರಿಯಿಂದ, ಜನವರಿಯಲ್ಲಿ.
ಅವತ್ತೇ ಒಪ್ಪಿಕೊಂಡಿದ್ದರೆ ಮೂವತ್ತು ದಿನ.

ಹುಚ್ಚು ಬಿಡದೆ ಮದುವೆಯಿಲ್ಲ,
ಮದುವೆಯಾಗದೆ ಹುಚ್ಚು ಬಿಡದು.
ಮದುವೆ ಅನ್ನುವಲ್ಲಿ ವಿಚಾರಣೆ ಅಂತ ತಿದ್ದಿಕೊಳ್ಳಿ,
ಉಳಿದದ್ದೆಲ್ಲ ನಮ್ಮ ಆಸ್ಪತ್ರೆಯ ಕೈಪಿಡಿ.

ನಾನು ಪಾಠ ಹೇಳುವವಳು.
ಚಿತ್ರದ ಚೀಟಿ ಎತ್ತಿ ಹಿಡಿಯುತ್ತೇನೆ. ಇವರು ಯಾರು?
‘ಜಡ್ಜು.’
ಏನು ಮಾಡುತ್ತಾರೆ?
‘ತಡವಾಗಿ ಬರುತ್ತಾರೆ.’
ಅಂಕ ಕೊಡಲೋ ಬೇಡವೋ.
ಅರ್ಧ ಕೊಟ್ಟೆ.

ಮಾತ್ರೆ ಒಗ್ಗಿತು. ಜುಲೈ ಹೊತ್ತಿಗೆ
ಗೋಡೆಯಲ್ಲಿ ರೈಲು ನಿಂತಿತು. ಹಳಿ ಮಾತ್ರ ಉಳಿದಿದೆ ಅಂದ.
ಎಲ್ಲ ಚೀಟಿಗೂ ಸರಿಯುತ್ತರ.
‘ಸಮರ್ಥ’ ಎಂದು ಷರಾ ಬಿತ್ತು, ವ್ಯಾನು ಬಂತು,
ತಿರುಗಿ ನೋಡದೆ ಹತ್ತಿದ.

ಜೈಲಿನ ಔಷಧಿ ಕಿಟಕಿಯಲ್ಲಿ ಆ ಮಾತ್ರೆ ಇರಲಿಲ್ಲ.
ಅಥವಾ ಇತ್ತು, ಯಾರದೋ ಸಹಿ ಇರಲಿಲ್ಲ.
ಅಕ್ಟೋಬರಿನಲ್ಲಿ ಮತ್ತೆ ಬಂದ,
ಒಂದು ಹಲ್ಲು ಕಡಿಮೆಯಾಗಿ,
ಡಬ್ಬಿಗಳನ್ನು ಮೊದಲಿಂದ ಎಣಿಸುತ್ತ.

ಇವತ್ತು ಹೊರಗೆ ವರ್ಷದ ಮೊದಲ ಹಿಮ.
ಆರೋಪಿಯ ಪಾತ್ರ ಯಾರಿಗೂ ಬೇಡ, ನಾನೇ ಕೂತೆ.
ಆರ್ವಿಲ್ ಚಪ್ಪಲಿ ಕುಟ್ಟಿದ.
‘ಕದ್ದೆಯಾ?’
ಕದ್ದೆ, ಮಹಾಸ್ವಾಮಿ.
‘ಆ ಕೋಟು ಈಗೆಲ್ಲಿದೆ?’
ಪುರಾವೆ ಕೋಣೆಯಲ್ಲಿ. ಕಾಗದದ ಚೀಲದೊಳಗೆ, ನಂಬರು ಹಚ್ಚಿ.
‘ಯಾರೂ ತೊಟ್ಟುಕೊಂಡಿಲ್ಲವೇ?’
ಇಲ್ಲ.
‘ಹೋದ ಚಳಿಗಾಲ ಪೂರ್ತಿ?’

ನನಗೆ ಬರೆದುಕೊಟ್ಟ ಉತ್ತರಗಳಲ್ಲಿ ಇದಕ್ಕೆ ಇರಲಿಲ್ಲ.
ಅವನು ಸ್ವಲ್ಪ ಕಾದ,
ಆಮೇಲೆ ಬಗ್ಗಿ ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡ.
ಅಡುಗೆಯವರು ಟ್ರಾಲಿ ತಳ್ಳಿಕೊಂಡು ಬಂದರು.
ಬಟಾಣಿ ಸೂಪು.
ಮೇಜು ಬೇರೆ ಮಾಡಿದೆವು.