ಸೊನ್ನೆಯಿಂದ ನಾಲ್ಕು

ಹೆಸರು ವಾಮನ ಪುತ್ರನ್. ಪ್ರಾಯ ಐವತ್ತನಾಲ್ಕು.
ಹಲ್ಲುಜ್ಜುತ್ತೇನೆ ಮೇಡಂ, ಅದಕ್ಕೆ ನಾಲ್ಕು ಹಾಕಿ.
ಸ್ನಾನ?
ಅದು ಸ್ವಲ್ಪ ಹೇಳ್ಲಿಕ್ಕುಂಟು.

ನಲ್ಲಿ ಪೂರ್ತಿ ತಿರುಗಿಸಿದ್ರೆ
ನೀರಿನ ಒಳಗಿಂದ ಒಬ್ಬ ಮಾತಾಡ್ತಾನೆ.
ನಮ್ಮ ಪ್ರೆಸ್ಸಿನ ಹಳೇ ಫೋರ್‌ಮನ್ನನ ಸ್ವರ,
ಬೈಗುಳ ಬಿಟ್ರೆ ಬೇರೆ ಬರುದಿಲ್ಲ ಅವನಿಗೆ.
ಹಾಗಾಗಿ ರಾತ್ರಿ, ಎಲ್ಲರೂ ಮಲಗಿದ ಮೇಲೆ,
ನೂಲಿನಷ್ಟು ಸಪೂರ ಬಿಟ್ಟು ಹಂಡೆ ತುಂಬಿಸ್ತೇನೆ.
ಅಷ್ಟು ಸಪೂರ ನೀರಿಗೆ ಬೈಲಿಕ್ಕೆ ಉಸಿರು ಸಾಲುದಿಲ್ಲ.
ಬೆಳಿಗ್ಗೆ ಹನ್ನೊಂದು ತಂಬಿಗೆ, ಮೆಲ್ಲ, ಬೆನ್ನಿನ ಮೇಲಿಂದ.
ಬೆಂಗ್ರೆಯಲ್ಲಿ ನೀರು ಬಾರದ ದಿನ
ಜೊಹರಾಬಿ ಕೊಡಪಾನ ಹಿಡಿದು ನಮ್ಮಲ್ಲಿಗೇ ಬರುದು.

ನೀವು ‘ಎರಡು’ ಅಂತ ಬರೆದದ್ದು ಕಾಣ್ತದೆ.
ತಲೆಕೆಳಗಾಗಿ ಓದ್ಲಿಕ್ಕೆ ಬರ್ತದೆ ನನಗೆ,
ಹಂಪನಕಟ್ಟೆಯಲ್ಲಿ ಒಂಬತ್ತು ವರ್ಷ ಮೊಳೆ ಜೋಡಿಸಿದವ.

ಗಡ್ಡ ಕನ್ನಡಿ ಇಲ್ಲದೆ, ಬೆರಳಲ್ಲಿ ತಡವಿ ತೆಗಿಯುದು.
ದವಡೆಯ ಕೆಳಗೆ ನಾಲ್ಕು ಕೂದಲು ಉಳಿದ್ರೆ ಉಳೀಲಿ.
ಕನ್ನಡಿಯವ ಒಮ್ಮೆ ಹಿಡಿದ್ರೆ ಮಧ್ಯಾಹ್ನದವರೆಗೆ ಬಿಡುದಿಲ್ಲ.

ಹೊರಗೆ ಕೂತ ಅತ್ತಿಗೆ ‘ಎಂತದೂ ಮಾಡುದಿಲ್ಲ ಇವ’ ಹೇಳಿಯಾರು.
ಸುಳ್ಳಲ್ಲ. ಬೀಡಿ ಸುರುಟುತ್ತಾ ಅವರು ನೋಡಿದ್ದು
ಬಚ್ಚಲಿನ ಬಾಗಿಲಲ್ಲಿ ನಾನು ಒಂದು ಗಂಟೆ ನಿಂತದ್ದು.
ಆ ಒಂದು ಗಂಟೆ
ನಾನು ಒಳಗೆ ಹೋಗ್ತಾ ಇದ್ದೆ.

ಮಾತ್ರೆ ಕಡೇ ದೋಣಿಯ ಸದ್ದು ನಿಂತ ಮೇಲೆ.
ತಪ್ಪುದಿಲ್ಲ. ಬೆಳಿಗ್ಗೆ ದಿಂಬು ಎಂಜಲಲ್ಲಿ ಒದ್ದೆ,
ಬಿಸಿಲಿಗಿಡ್ತೇನೆ, ಬಲೆಯ ಪಕ್ಕದಲ್ಲಿ.
ದಿಂಬು ಒಣಗಿಸುದಕ್ಕೆ ನಿಮ್ಮಲ್ಲಿ ಸಾಲು ಇಲ್ಲವಾ?

ಒಬ್ಬನೇ ಪ್ರಯಾಣ?
ಇವತ್ತೂ ಅತ್ತಿಗೆ ಹೆಂಗಸರ ಜೊತೆ ಮುಂದೆ, ನಾನು ಹಿಂದೆ.
ನಡುಹೊಳೆಯಲ್ಲಿ ಅವ ಶುರು ಮಾಡಿದ.
ಫೋನು ತೆಗೆದು ಕಿವಿಗಿಟ್ಟೆ. ಅದರಲ್ಲಿ ಸಿಮ್ಮಿಲ್ಲ.
ದೋಣಿಯಲ್ಲಿ ಈಗ ಎಲ್ಲರೂ ಒಬ್ಬೊಬ್ಬರೇ ಮಾತಾಡುವವರು,
ಯಾರೂ ತಿರುಗಿ ನೋಡುದಿಲ್ಲ ಮಾರಾಯ್ರೆ.
‘ದಕ್ಕೆ ಬಂತು, ಮತ್ತೆ ಮಾಡ್ತೇನೆ’ ಹೇಳಿ ಇಟ್ಟೆ.
ಕೆಲವು ಸಲ
ಅವನೇ ಮೊದಲು ಇಡ್ತಾನೆ.

ಕಳೆದ ಮಂಗಳವಾರ ಮಾತ್ರ ಸೊನ್ನೆ. ಬರೀರಿ.
ಹಂಡೆ ತುಂಬಿಯೇ ಇತ್ತು. ತಂಬಿಗೆ ಕವುಚಿ ಇತ್ತು.
ಗಂಜಿ ಮೇಲೆ ಕೆನೆ ಕಟ್ಟಿತ್ತು.
ಯಾಕೆ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ,
ಅವನೂ ಆ ದಿನ ಬಂದಿರಲಿಲ್ಲ.

ಒಟ್ಟು ಎಷ್ಟಾಯ್ತು?
ಬೇಡ, ಹೇಳ್ಬೇಡಿ. ಹನ್ನೆರಡೂವರೆಗೆ ದೋಣಿ ಉಂಟು.
ಆದ್ರೆ ಮೂರನೇ ಸಾಲಲ್ಲಿ ನಿಮ್ಮ ‘ಸ್ವಚ್ಚತೆ’ ತಪ್ಪಾಗಿದೆ,
ಒತ್ತಿಗೆ ಮಹಾಪ್ರಾಣ ಇಲ್ಲ.
ಎಲ್ಲ ಹಾಳೆಯಲ್ಲೂ ಹಾಗೇ ಅಚ್ಚಾಗಿರ್ಬೇಕು.
ಪೆನ್ನು ಸ್ವಲ್ಪ ಕೊಡಿ.