ದಿವಾಡಿಗೆ ಬೀಗರು ಬಂದಾಗ

ಫೋನು ಮಾಡಿದ್ದು ಹುಬ್ಬಳ್ಳಿ ದಾಟಿದ ಮ್ಯಾಲೆ.
"ಆರು ಮಂದಿ ಅದೀವಿ, ಕೂಸನ್ನ ಬಿಟ್ಟು,"
ಅಂದ ಕಾಕಾ ಮುರಿಗೆಪ್ಪ.
ಎಷ್ಟು ದಿನ ಅಂತ ನಾ ಕೇಳಲಿಲ್ಲ.
ಅದು ನಾ ಕೆಲಸ ಮಾಡೋ ಹೋಮ್‌ಸ್ಟೇದಾಗ ಕೇಳೋ ಮಾತು:
ಎಷ್ಟು ರಾತ್ರಿ, ಎಷ್ಟು ದಿಂಬು,
ಹನ್ನೊಂದಕ್ಕ ರೂಮು ಖಾಲಿ ಮಾಡಬೇಕು, ನೆನಪಿರಲಿ.

ನಮ್ಮದು ಒಂದಽ ಖೋಲಿ.
ಮೀನಿನ ಬೋಗುಣಿ, ಮೀನಿನ ಈಳಿಗಿ,
ಒಣಾ ಸಿಗಡಿ ಡಬ್ಬಿ, ಎಲ್ಲಾ ಸೆರಗಿನಾಗ ಮುಚ್ಚಿ
ಹಿತ್ತಲ ದಾಟಿ ಎಸ್ಪೆರಾನ್ಸಾ ಬಾಯಿ ಮನ್ಯಾಗ ಇಟ್ಟು ಬಂದೆ.
"ಮತ್ತ ಮನಷ್ಯಾಳಾಗೋದು ಯಾವಾಗ?" ಅಂತ ನಕ್ಕಳು ಆಕಿ.
ಕಟ್ಟಿಗೆ ಲಿಂಬಿಹಣ್ಣು ತಿಕ್ಕಿದೆ,
ಊದಿನಕಡ್ಡಿ ಹಚ್ಚಿದೆ ಮೂಲಿ ಮೂಲಿಗೆ.
ಬೆಕ್ಕಿಗೆ ಹೇಳೋದು ಹೆಂಗ ಅಂತ ತಿಳೀಲಿಲ್ಲ.

ಬೋಟಿಗೆ ಟಿಕೀಟ ಇಲ್ಲ ಅಂದ್ರ
ಕಾಕಾ ನಂಬಲಿಲ್ಲ. ಈ ದಂಡಿ ಮುಟ್ಟೋತನಾ
ನೂರರ ನೋಟು ಮುಂದ ಚಾಚಿಕೊಂಡಽ ನಿಂತಿದ್ದ.
ಚಿಗವ್ವ ಬಾಳವ್ವ ಇಳೀಲೇ ಇಲ್ಲ.
"ಪುಕ್ಕಟ ಅಂದ್ರಲಾ, ಇನ್ನೊಂದ್ಸಲ ಹೋಗಿ ಬರತೀನಿ."
ಮೂರು ಸಲ ಹೋದಳು, ಮೂರು ಸಲ ಬಂದಳು.
ನಲವತ್ತು ವರ್ಷ ಕೊಡದ ಪಾಳಿ ಹಚ್ಚಿದಾಕಿ,
ಎಂಟು ದಿನಕ್ಕೊಮ್ಮೆ ಬರೋ ನೀರಿಗೆ ನಿದ್ದಿಗೆಟ್ಟಾಕಿ,
ಕಬ್ಬಿಣದ ಸರಳು ಹಿಡಕೊಂಡು
ಹಂಗಽ ನೋಡಿಕೋತ ನಿಂತಿದ್ಲು,
ಯಾರೋ ನಳ ಬಂದ್ ಮಾಡೋದು ಮರತಾರೇನೋ ಅನ್ನೋ ಹಂಗ.

"ಸಮುದ್ರ ಎಲ್ಲೈತಿ?"
ಇದು ಹೊಳಿ ಕಾಕಾ, ಮಾಂಡವಿ. ಸಮುದ್ರಕ್ಕ
ಮತ್ತ ಬೋಟು ದಾಟಿ, ಎರಡು ಬಸ್ಸು ಹತ್ತಬೇಕು.
ಅವನ ಮಾರಿ ಸಣ್ಣದಾತು.
ಧೋತರ ಎತ್ತಿ ಕಟ್ಟಿ, ಕೆಸರಿನಾಗ ಇಳಿದು,
ಬೊಗಸಿ ನೀರು ಎತ್ತಿ ನಾಲಿಗಿಗೆ ಹಚ್ಚಿದ.
"ಉಪ್ಪೈತಿ."
ಮತ್ತೊಮ್ಮೆ ಹಚ್ಚಿದ. "ಉಪ್ಪಽ ಐತಿ."
ಅಲ್ಲಿಂದಽ ಊರಿಗೆ ಫೋನು:
"ಸಮುದ್ರದ ನಟ್ಟನಡುವ ಅದೀವಿ, ನಮ್ಮ ಶಶಿಕಲಾನ ಮನಿ ಐತಿಲ್ಲಿ!"
ನಾ ತಿದ್ದಲಿಲ್ಲ.
ಭರತಿ ಇತ್ತು ಆಗ; ಹೊಳಿನೂ ಸುಮ್ಮನಿತ್ತು.

ರಾತ್ರಿ ಗ್ವಾಡಿಯಿಂದ ಗ್ವಾಡಿತನಾ ಕಾಲು.
ನಮ್ಮನಿಯವರು ಡ್ಯೂಟಿ ಅಂತ ಸುಳ್ಳು ಹೇಳಿ
ಜೆಟ್ಟಿ ಮ್ಯಾಲೆ ಹೋಗಿ ಮಲಗಿದರು.
ಊರಿಂದ ತಂದ ಖಡಕ್ ರೊಟ್ಟಿ, ಐವತ್ತು,
ಬೆಳಗಾಗೋದ್ರಾಗ ಅರಿವಿ ಹಂಗ ಮೆತ್ತಗಾದುವು.
"ಈ ಗಾಳಿ ಯಾವುದನ್ನೂ ಗಟ್ಟಿ ಇರಗೊಡೂದಿಲ್ಲ ನೋಡು,"
ಅಂದಳು ಚಿಗವ್ವ. ರೊಟ್ಟಿ ನೋಡಿ ಅಂದಳೋ,
ನನ್ನ ನೋಡಿ ಅಂದಳೋ.

ಹೊರಗಿನ ಮಂದಿಗೆ ದಿನಾ ಹನ್ನೆರಡು ಮಾಡ್ತೀನಿ:
ಬಿಳೀ ಟವಲು ಸುತ್ತಿ, ಕುತ್ತಿಗಿ ಬಗ್ಗಿಸಿ, ಹಂಸ.
ಅವರು ಫೋಟೋ ಹೊಡೀತಾರ, ಆಮ್ಯಾಲೆ ಕಾಲು ಒರಸ್ತಾರ.
ಮೂರನೇ ದಿನ ಒಂದು ಟವಲು ಚೀಲದಾಗ ತಂದು
ಚಿಗವ್ವನ ದಿಂಬಿನ ಮ್ಯಾಲೆ ಕೂಡ್ರಿಸಿದೆ.
"ಇದು ಒರಸಾಕೋ, ಪೂಜಿಗೋ?"
ಏನು ಹೇಳಬೇಕು, ನಾನೂ ಎಂದೂ ಯೋಚಿಸಿದ್ದಿಲ್ಲ.
ಆಕಿ ದಿಂಬು ಅದಕ್ಕಽ ಬಿಟ್ಟುಕೊಟ್ಟು
ತೋಳು ತಲೆಗಿಟ್ಟುಕೊಂಡು ಮಲಗಿದಳು.

ಹೋಗೋ ದಿನ ಉಡಿ ತುಂಬಿದೆ,
ಅಕ್ಕಿ, ತೆಂಗಿನಕಾಯಿ, ಇಲ್ಲಿ ಸಿಗದ ಖಣದ ಬದಲಿ
ಪಣಜಿಯ ಹೂವಿನ ಬಟ್ಟಿ.
ಹೊಸ್ತಿಲ ದಾಟಿದಾಕಿ ತಿರುಗಿ ನಿಂತು
ಕಿವ್ಯಾಗ ಅಂದಳು:
"ಬೆಕ್ಕು ಪಾಪ, ನಾಕು ದಿನದಿಂದ ಮಾರಿ ನೋಡಾಕತ್ತೈತಿ.
ಇವತ್ತರ ಅದಕ್ಕ ಹಾಕವ್ವಾ."
ನನ್ನ ಕಿವಿ ಕೆಂಡ. ಆಕಿ ನಕ್ಕೊಂತ ನಡೆದಳು.

ಬೋಟು ದಂಡಿ ಬಿಟ್ಟಾಗ ಕಂಡೆ:
ಕೂಸು ಸೊಸಿ ಹೆಗಲ ಮ್ಯಾಲೆ.
ಚಿಗವ್ವನ ಉಡ್ಯಾಗ, ಮಡಚಲಾರದಽ,
ಬಿಳೀ ಕುತ್ತಿಗಿ ಎತ್ತಿ ಅದು ಕುಂತಿತ್ತು.

ಸಂಜಿಗೆ ಹೋಮ್‌ಸ್ಟೇದ ಅರಿವಿ ಲೆಕ್ಕ ಬರದೆ.
ಚಾದರ ಹನ್ನೆರಡು.
ದಿಂಬಿನ ಗವಸು ಇಪ್ಪತ್ನಾಕು.
ಟವಲು ಇಪ್ಪತ್ಮೂರು.
ಬಾಜೂಕ "ಕಾರಣ" ಅಂತ ಒಂದು ಖಾನೆ ಇತ್ತು.
ಪೆನ್ನು ಹಿಡಿದು ಭಾಳೊತ್ತು ಕುಂತೆ,
ಆಮ್ಯಾಲೆ "ಪಗಾರದಾಗ ಹಿಡೀರಿ" ಅಂತ ಬರದು
ಎದ್ದು ಹೋದೆ
ಎಸ್ಪೆರಾನ್ಸಾ ಬಾಯಿ ಕಡೆ, ಈಳಿಗಿ ಇಸಗೊಂಡು ಬರಾಕ.